ಕಳವಾಗಿದ್ದು ಕಳೆದುಹೋಗಿದ್ದಲ್ಲ

ಕನ್ನಡದಲ್ಲಿ ಎರಡು ಮಾತಿವೆ. ಒಂದು 'ಕಳವಾಗಿದೆ'. ಇನ್ನೊಂದು 'ಕಳೆದುಹೋಗಿದೆ'. ಕೇಳೋಕೆ ಅಣ್ಣ ತಮ್ಮಂದಿರ ಥರ ಇದ್ರೂ ಇವೆರಡರ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನ ಹೆಸರು ಕಳ್ಳ. ಮೊದಲನೇ ಮಾತಲ್ಲಿ ಅವನಿದ್ದಾನೆ, ಎರಡನೇದರಲ್ಲಿ ಇಲ್ಲ. ನಮ್ಮ ನಗರಗಳ ಪೊಲೀಸ್ ಠಾಣೆಗಳಲ್ಲಿ ಕಳ್ಳನನ್ನು ಮಾಯ ಮಾಡೋದಕ್ಕೆ ಅವನನ್ನು ಹಿಡಿಯಬೇಕಾಗಿಲ್ಲ, ಓಡಿಸಬೇಕಾಗಿಲ್ಲ. ಕ್ರಿಯಾಪದ ಬದಲಾಯಿಸಿದರೆ ಸಾಕು.

ಇದು ಹೇಗೆ ನಡೆಯುತ್ತೆ ಅನ್ನೋದನ್ನ ನಾನು ಹನ್ನೊಂದು ದಿನ ಹತ್ತಿರದಿಂದ ನೋಡಿದೆ.

2024ರ ನವೆಂಬರ್, ಒಂದು ಶನಿವಾರ ಸಂಜೆ. ಬೆಂಗಳೂರಿನ ಒಂದು ಮುಖ್ಯರಸ್ತೆ, ಪಕ್ಕದಲ್ಲೇ ದರ್ಶಿನಿ, ಮೆಡಿಕಲ್ ಸ್ಟೋರ್, ಹೂವಿನ ಗಾಡಿ. ಪಾರ್ಕಿಂಗ್‌ಗೆ ಅವಕಾಶ ಇರುವ ಜಾಗದಲ್ಲಿ ಕಾರು ನಿಲ್ಲಿಸಿ, ಲಾಕ್ ಮಾಡಿ, ಇಪ್ಪತ್ತೈದು ನಿಮಿಷ ಹೋಗಿದ್ದೆ. ವಾಪಸ್ ಬಂದಾಗ ಹಿಂದಿನ ಎಡಗಡೆ ಗಾಜು ಸೀಟಿನ ತುಂಬ ಕಲ್ಲುಸಕ್ಕರೆಯಂತೆ ಬಿದ್ದಿತ್ತು. ಸೀಟಿನ ಕೆಳಗಿದ್ದ ಬ್ಯಾಗಿಲ್ಲ. ಅದರಲ್ಲಿ ಆಫೀಸಿನ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಅಪ್ಪನ ಜಮೀನಿನ ಒಂದಿಷ್ಟು ಕಾಗದ. 112ಕ್ಕೆ ಫೋನ್ ಮಾಡಿದೆ. ಹೊಯ್ಸಳ ಬಂತು, ನಿಜಕ್ಕೂ ಬೇಗ ಬಂತು. ಬಂದವರು ಮರ್ಯಾದೆಯಿಂದಲೇ ಮಾತಾಡಿದರು. "ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡಿ ಸಾರ್" ಅಂದರು. ಅಲ್ಲಿವರೆಗೆ ಎಲ್ಲ ಸರಿಯಾಗಿತ್ತು.

ಠಾಣೆಯಲ್ಲಿ ರೈಟರ್ ನನ್ನ ಕಥೆ ಪೂರ್ತಿ ಕೇಳಿ ತಣ್ಣಗೆ ಹೇಳಿದರು: "ಸಾರ್, ಇ-ಲಾಸ್ಟ್ ಆ್ಯಪಲ್ಲಿ ಹಾಕ್ಬಿಡಿ. ಐದ್ ನಿಮಿಷದ ಕೆಲ್ಸ. ಆಫೀಸಿಗೆ ಅದೇ ಸಾಕು."

"ಸಾರ್, ಅದು ಕಳೆದುಹೋದ ವಸ್ತುಗಳಿಗೆ ಅಲ್ವಾ? ಇದು ಗಾಜು ಒಡೆದು ಕದ್ದಿರೋದು."

"ಒಡೆದಿದ್ದನ್ನ ನೀವ್ ನೋಡಿದ್ರಾ? ಬಿಸಿಲಿಗೂ ಒಡೆಯುತ್ತೆ ಸಾರ್ ಒಂದೊಂದ್ ಸಲ."

ಸಂಜೆ ಏಳೂವರೆ ಗಂಟೆಗೆ, ನವೆಂಬರ್ ತಿಂಗಳಲ್ಲಿ, ಬಿಸಿಲು ನನ್ನ ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ತಗೊಂಡು ಹೋಗಿತ್ತು.

ನಗು ಬರುತ್ತೆ. ಆದರೆ ಆ ರೈಟರ್ ಕೆಟ್ಟವರಲ್ಲ. ಲಂಚ ಕೇಳಲಿಲ್ಲ, ಗದರಲಿಲ್ಲ, ಟೀ ಕುಡೀತೀರಾ ಅಂತಲೂ ಕೇಳಿದರು. ಅವರು ತಮ್ಮ ಕೆಲಸ ಮಾಡುತ್ತಿದ್ದರು. ನನ್ನ ಜಗಳ ಇರೋದು ಆ ಕೆಲಸ ಏನಾಗಿಬಿಟ್ಟಿದೆ ಅನ್ನೋದರ ಬಗ್ಗೆ.

ಕಾನೂನು ಏನು ಹೇಳುತ್ತೆ ನೋಡಿ. ಕಳ್ಳತನ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು. ಮೊದಲು ಐಪಿಸಿ 379, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303(2). ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹೇಳಿದೆ. ಪೊಲೀಸರಿಗೆ ನಂಬಿಕೆ ಬಂತೋ ಇಲ್ವೋ, ಕಳ್ಳ ಸಿಗ್ತಾನೋ ಇಲ್ವೋ ಅನ್ನೋದು ಆಮೇಲಿನ ಮಾತು. ಮೊದಲು ಬರೆದುಕೊಳ್ಳಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇನ್ನೂ ಮುಂದೆ ಹೋಗಿದೆ. ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನಲ್ಲಿ ಕೊಟ್ಟು ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ದೂರುದಾರನಿಗೆ ಪ್ರತಿ ಪುಕ್ಕಟೆ ಕೊಡಬೇಕು. ಅದೇ ಕಾನೂನು ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೂ ಅವಕಾಶ ಕೊಟ್ಟಿದೆ, ನಿಜ. ಆದರೆ ಅದಕ್ಕೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. 'ಆ್ಯಪಲ್ಲಿ ಹಾಕ್ಬಿಡಿ' ಅನ್ನೋದು ಯಾವ ಕಲಮಿನಲ್ಲೂ ಇಲ್ಲ.

ಇ-ಲಾಸ್ಟ್ ಒಳ್ಳೆಯ ಸೌಲಭ್ಯ. ಬಸ್ಸಲ್ಲಿ ಪರ್ಸ್ ಬಿದ್ದುಹೋದವನು, ಮಾರ್ಕ್ಸ್ ಕಾರ್ಡ್ ಎಲ್ಲೋ ಇಟ್ಟು ಮರೆತವನು ಠಾಣೆಗೆ ಅಲೆಯದೆ ಒಂದು ರಶೀದಿ ಪಡೆಯಲಿ ಅಂತ ಮಾಡಿದ್ದು. ಕಳೆದುಹೋದ ವಸ್ತುವಿಗೆ ಕಳ್ಳನಿಲ್ಲ, ಹಾಗಾಗಿ ತನಿಖೆಯೂ ಇಲ್ಲ. ಕಳವಾದದ್ದನ್ನು ಅದರೊಳಗೆ ತುರುಕಿದರೆ ಎರಡು ಅನ್ಯಾಯ ಆಗುತ್ತೆ. ಅಪರಾಧ ದಾಖಲೆಯಿಂದ ಅಳಿಸಿಹೋಗುತ್ತೆ. ಜೊತೆಗೆ, ಕಳಕೊಂಡವನ ಕೈಯಲ್ಲೇ ಒಂದು ಸುಳ್ಳಿಗೆ ಸಹಿ ಹಾಕಿಸಿದ ಹಾಗಾಗುತ್ತೆ. "ನನ್ನ ಅಜಾಗರೂಕತೆಯಿಂದ ಕಳೆದುಹೋಗಿದೆ" ಅಂತ ನೀವೇ ಬರೆದುಕೊಟ್ಟಿರ್ತೀರಿ. ನಾಳೆ ನಿಮ್ಮ ಲ್ಯಾಪ್‌ಟಾಪ್ ಯಾವುದೋ ಗ್ಯಾಂಗಿನ ಹತ್ತಿರ ಸಿಕ್ಕರೂ, ಅದು ಕದ್ದ ಮಾಲು ಅಂತ ಹೇಳೋಕೆ ಕಾಗದವೇ ಇರಲ್ಲ.

ಇನ್ನು ಆ ಹನ್ನೊಂದು ದಿನದ ಲೆಕ್ಕ. ಭಾನುವಾರ ಇನ್ಸ್‌ಪೆಕ್ಟರ್ ಬಂದೋಬಸ್ತ್ ಡ್ಯೂಟಿಯಲ್ಲಿದ್ದರು. ಸೋಮವಾರ "ಆ ರಸ್ತೆಯ ಆ ಕಡೆ ನಮ್ ಲಿಮಿಟ್ಸ್ ಅಲ್ಲ" ಅಂದರು. ಪಕ್ಕದ ಠಾಣೆಯವರು "ಈ ಕಡೆ ನಮ್ದಲ್ಲ" ಅಂದರು. ಕಳ್ಳನಿಗೆ ಈ ನಕ್ಷೆ ಗೊತ್ತಿತ್ತೋ ಏನೋ, ಸರಿಯಾಗಿ ಗಡಿ ಮೇಲೇ ಗಾಜು ಒಡೆದಿದ್ದ. ಬುಧವಾರ ಒಂದು ಬಿಳಿ ಹಾಳೆಯಲ್ಲಿ ದೂರು ಬರೆಸಿಕೊಂಡರು, ಸ್ವೀಕೃತಿ ಕೊಡಲಿಲ್ಲ. ಎಂಟನೇ ದಿನ 173(4)ರ ಪ್ರಕಾರ ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ದೂರು ಕಳಿಸಿದೆ. ಹನ್ನೊಂದನೇ ದಿನ ಠಾಣೆಯಿಂದಲೇ ಫೋನ್ ಬಂತು: "ಬನ್ನಿ ಸಾರ್, ಎಫ್‌ಐಆರ್ ಮಾಡ್ಕೊಡ್ತೀವಿ. ಇದಕ್ಕೆಲ್ಲ ಮೇಲಿನವರ ತನಕ ಯಾಕೆ ಹೋದ್ರಿ?"

ಹನ್ನೊಂದು ದಿನ ತಡವಾದರೆ ಏನಾಯ್ತು, ಕೊನೆಗೆ ಮಾಡಿಕೊಟ್ಟರಲ್ಲ ಅಂತ ನೀವು ಅನ್ನಬಹುದು. ಆಗಿದ್ದು ಇಷ್ಟು. ಘಟನೆ ನಡೆದ ಸಂಜೆಯೇ ನಾನು ಮೆಡಿಕಲ್ ಸ್ಟೋರಿನವರನ್ನು ಕೇಳಿದ್ದೆ. ಅವರ ಕ್ಯಾಮೆರಾ ನೇರ ನನ್ನ ಕಾರಿನ ಕಡೆಗೇ ಇತ್ತು. "ಪೊಲೀಸ್ನೋರು ಬಂದು ಕೇಳಿದ್ರೆ ಕೊಡ್ತೀವಿ ಸಾರ್, ನಿಮಗೆ ಕೊಟ್ರೆ ನಮಗೆ ತಲೆನೋವು" ಅಂದಿದ್ದರು. ಅವರ ಡಿವಿಆರ್‌ನಲ್ಲಿ ನಿಲ್ಲೋದು ಏಳು ದಿನದ ರೆಕಾರ್ಡಿಂಗ್. ಎಂಟನೇ ದಿನ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತೆ. ಪೊಲೀಸರು ಸ್ಥಳ ಮಹಜರಿಗೆ ಬಂದಿದ್ದು ಹನ್ನೆರಡನೇ ದಿನ. ಆಗ ಅದರಲ್ಲಿದ್ದದ್ದು ಬೇರೆ ಕಾರುಗಳು, ಬೇರೆ ಸಂಜೆಗಳು. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017ರ ಪ್ರಕಾರ ಹೆಚ್ಚು ಜನ ಸೇರುವ ಮಾಲು, ಆಸ್ಪತ್ರೆಯಂಥ ಸಂಸ್ಥೆಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಸಣ್ಣ ಅಂಗಡಿಗಳಿಗೆ ಆ ಕಟ್ಟುಪಾಡಿಲ್ಲ. ಕಳ್ಳತನ ನಡೆಯೋದು ಮಾತ್ರ ಸಣ್ಣ ಅಂಗಡಿಗಳ ಮುಂದೆಯೇ.

ಹಾಗಾಗಿ 'ಹೇಗೂ ಕಳ್ಳ ಸಿಗಲ್ಲ, ಎಫ್‌ಐಆರ್ ಯಾಕೆ' ಅನ್ನೋ ಮಾತು ತಲೆಕೆಳಗಾಗಿದೆ. ಎಫ್‌ಐಆರ್ ಆಗದ್ದರಿಂದಲೇ ಕಳ್ಳ ಸಿಗಲಿಲ್ಲ.

ಇದೇ ನಗರದಲ್ಲಿ ಕ್ಯಾಮೆರಾಗಳಿಗೆ ಕಣ್ಣಿಲ್ಲ ಅಂತ ಯಾರೂ ಹೇಳೋಕಾಗಲ್ಲ. 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ಸ್ವಯಂಚಾಲಿತ ಟ್ರಾಫಿಕ್ ಕ್ಯಾಮೆರಾ ಬಂತು. ಹೆಲ್ಮೆಟ್ ಇಲ್ಲದ ತಲೆ, ಸೀಟ್ ಬೆಲ್ಟ್ ಇಲ್ಲದ ಎದೆ, ಗೆರೆ ದಾಟಿದ ಚಕ್ರ, ಎಲ್ಲವನ್ನೂ ಅವು ನೋಡುತ್ತವೆ. ನಂಬರ್ ಪ್ಲೇಟ್ ಓದಿ, ಫೋಟೊ ಸಮೇತ ದಂಡದ ಮೆಸೇಜ್ ಕಳಿಸುತ್ತವೆ. 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯ್ತಿ ಕೊಟ್ಟಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಬಾಕಿ ದಂಡ ವಸೂಲಾಯ್ತು. ಇದರ ಮೇಲೆ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾ. ನನಗೆ ದಂಡದ ಬಗ್ಗೆ ತಕರಾರಿಲ್ಲ, ತಪ್ಪು ಮಾಡಿದವರು ಕಟ್ಟಲಿ. ನನ್ನ ಪ್ರಶ್ನೆ ಒಂದೇ. ನಾವು ಕಾನೂನು ಮುರಿದಾಗ ಸೆಕೆಂಡುಗಳಲ್ಲಿ ಎಚ್ಚರಾಗುವ ವ್ಯವಸ್ಥೆ, ನಮ್ಮ ಗಾಜು ಮುರಿದಾಗ ಹನ್ನೊಂದು ದಿನ ಯಾಕೆ ನಿದ್ದೆ ಮಾಡುತ್ತೆ? ತಂತ್ರಜ್ಞಾನ ಎರಡಕ್ಕೂ ಒಂದೇ. ಒಂದರಲ್ಲಿ ದುಡ್ಡು ಬರುತ್ತೆ, ಇನ್ನೊಂದರಲ್ಲಿ ಕೇಸ್ ಸಂಖ್ಯೆ ಏರುತ್ತೆ.

ಕೇಸ್ ಸಂಖ್ಯೆ ಅಂದೆನಲ್ಲ, ಕಾಯಿಲೆಯ ಬೇರು ಅಲ್ಲಿದೆ. ಸಾಫ್ಟ್‌ವೇರಿನಲ್ಲಿರೋ ನಮಗೆ ಇದು ಬೇಗ ಅರ್ಥವಾಗಬೇಕು. 'ನಿಮ್ಮ ಮಾಡ್ಯೂಲಲ್ಲಿ ಬಗ್ ಕಡಿಮೆ ಇದ್ರೆ ಒಳ್ಳೆ ರೇಟಿಂಗ್' ಅಂತ ಮ್ಯಾನೇಜರ್ ಹೇಳಿದ ಅಂದ್ಕೊಳ್ಳಿ. ಏನಾಗುತ್ತೆ? ಕೋಡ್ ಸುಧಾರಿಸುತ್ತಾ? ಇಲ್ಲ. ಟೆಸ್ಟರ್ ತಂದ ಬಗ್ಗಿಗೆಲ್ಲ 'ನಮ್ಮ ಮಷೀನಲ್ಲಿ ಬರ್ತಿಲ್ಲ', 'ಇದು ಡೂಪ್ಲಿಕೇಟು', 'ಇದು ಇರೋದೇ ಹೀಗೆ' ಅಂತ ಸ್ಟೇಟಸ್ ಹಾಕಿ ಮುಚ್ಚುತ್ತಾರೆ. ಕ್ವಾರ್ಟರ್ ಕೊನೆಗೆ ಡ್ಯಾಶ್‌ಬೋರ್ಡ್ ಹಸಿರು. ಕಸ್ಟಮರ್ ಮಾತ್ರ ಅಳ್ತಾ ಇರ್ತಾನೆ. ಠಾಣೆಯಲ್ಲಿ ನಡೀತಿರೋದೂ ಇದೇ. 'ನಮ್ ಲಿಮಿಟ್ಸ್ ಅಲ್ಲ' ಅಂದರೆ ಬೇರೆ ಟೀಮಿಗೆ ಅಸೈನ್ ಮಾಡೋದು. 'ಬಿಸಿಲಿಗೆ ಒಡೆದಿರಬಹುದು' ಅಂದರೆ ಬಗ್ ಅಲ್ಲ, ಎನ್ವಿರಾನ್‌ಮೆಂಟ್ ಸಮಸ್ಯೆ. 'ಇ-ಲಾಸ್ಟಲ್ಲಿ ಹಾಕಿ' ಅಂದರೆ ಬಗ್ ಟ್ರ್ಯಾಕರಿಗೇ ಹಾಕಬೇಡಿ ಅಂತ.

ಪ್ರತಿ ವರ್ಷ ಅಂಕಿಅಂಶ ಬಂದಾಗ 'ನಗರದಲ್ಲಿ ಕಳ್ಳತನ ಏರಿಕೆ' ಅಂತ ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುತ್ತವೆ. ವಿರೋಧ ಪಕ್ಷ ಕಾನೂನು ಸುವ್ಯವಸ್ಥೆ ಕುಸಿದಿದೆ ಅನ್ನುತ್ತೆ. ಮೇಲಧಿಕಾರಿ ಕ್ರೈಮ್ ಮೀಟಿಂಗಿನಲ್ಲಿ ಇನ್ಸ್‌ಪೆಕ್ಟರನ್ನು ನಿಲ್ಲಿಸಿ ಕೇಳುತ್ತಾರೆ. ಅಂಕಿಅಂಶ ಪ್ರಕಟಿಸುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತನ್ನ ವರದಿಯಲ್ಲೇ, ಅಪರಾಧ ಹೆಚ್ಚಾಗೋದು ಬೇರೆ, ಅಪರಾಧದ ದಾಖಲಾತಿ ಹೆಚ್ಚಾಗೋದು ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ ಅಂತ ಎಚ್ಚರಿಸಿದೆ. ಓದುವವರ್ಯಾರು? ಪ್ರಾಮಾಣಿಕವಾಗಿ ಎಲ್ಲ ದೂರನ್ನೂ ಬರೆದುಕೊಂಡ ಇನ್ಸ್‌ಪೆಕ್ಟರ್ ಕೆಟ್ಟವನಾಗ್ತಾನೆ. ಬಾಗಿಲಲ್ಲೇ ಸಾಗಹಾಕಿದವನ ಏರಿಯಾ ಶಾಂತವಾಗಿರುತ್ತೆ. ಹೀಗೆ ಮಾಡಿದ್ದರಲ್ಲಿ ನಮ್ಮ ಪಾಲೂ ಇದೆ, ಪತ್ರಿಕೆಗಳ ಪಾಲೂ ಇದೆ.

ಪೊಲೀಸರ ಪರವಾಗಿ ಹೇಳುವ ಮಾತುಗಳನ್ನು ನಾನು ಕೇಳಿದ್ದೇನೆ. ಸಿಬ್ಬಂದಿ ಕಮ್ಮಿ, ಕೊಲೆ ಕೇಸುಗಳೇ ಸಾಕಷ್ಟಿವೆ, ವಿಐಪಿ ಬಂದೋಬಸ್ತು, ಕ್ರಿಕೆಟ್ ಮ್ಯಾಚು, ಪ್ರತಿಭಟನೆ, ಎಲ್ಲದಕ್ಕೂ ಅದೇ ಜನ. ಒಪ್ಪುತ್ತೇನೆ. ಒಬ್ಬ ಕಾನ್‌ಸ್ಟೇಬಲ್ ದುಡಿಯುವ ಗಂಟೆಗಳನ್ನು ನಮ್ಮ ಆಫೀಸಿನಲ್ಲಿ ಯಾರಾದರೂ ದುಡಿದರೆ ಒಂದೇ ವಾರಕ್ಕೆ ರಾಜೀನಾಮೆ ಬರೆಯುತ್ತಾರೆ. ಆದರೆ ಈ ವಾದ ಪೊಲೀಸರನ್ನೇ ತಿರುಗಿ ಕಚ್ಚುತ್ತೆ. ಜನ ಬೇಕು ಅಂತ ಸರ್ಕಾರವನ್ನು ಕೇಳೋದು ಯಾವ ಆಧಾರದ ಮೇಲೆ? ಕೆಲಸದ ಹೊರೆಯ ಮೇಲೆ. ಹೊರೆಯನ್ನು ಲೆಕ್ಕಕ್ಕೇ ತಗೊಳ್ಳದೆ ಬಚ್ಚಿಟ್ಟರೆ ಕಡತದ ಪ್ರಕಾರ ಆ ಠಾಣೆಗೆ ಕೆಲಸವೇ ಇಲ್ಲ. ಹತ್ತು ಗಾಜು ಒಡೆದ ರಸ್ತೆಯಲ್ಲಿ ಹತ್ತು ಎಫ್‌ಐಆರ್ ಆದರೆ ಅದು ಒಂದು ಗ್ಯಾಂಗು, ಒಂದು ಸಮಯ, ಒಂದು ವಿಧಾನ ಅಂತ ಕಣ್ಣಿಗೆ ಕಾಣುತ್ತೆ. ಅಲ್ಲಿ ಬೀಟ್ ಹೆಚ್ಚಿಸಬಹುದು, ಬೀದಿದೀಪ ಹಾಕಿಸಬಹುದು. ಅದೇ ಹತ್ತು ಇ-ಲಾಸ್ಟ್ ಆದರೆ? ಆ ರಸ್ತೆಯಲ್ಲಿ ಮರೆವಿನ ಜನ ಜಾಸ್ತಿ ಅಷ್ಟೇ.

ಇನ್ನೊಂದು ಮಾತಿದೆ, ಅದು ಪೊಲೀಸರಿಗಿಂತ ನಮ್ಮವರ ಬಾಯಲ್ಲೇ ಹೆಚ್ಚು. "ಲ್ಯಾಪ್‌ಟಾಪ್ ಯಾಕ್ ಕಾರಲ್ಲಿ ಬಿಟ್ಟೆ ಮಾರಾಯ?" ಆಫೀಸಿನಲ್ಲಿ ಕೇಳಿದರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು, ಊರಿಂದ ಫೋನ್ ಮಾಡಿ ಚಿಕ್ಕಪ್ಪನೂ ಕೇಳಿದರು. ಸ್ವಾಮಿ, ಬೀಗ ಹಾಕಿದ ನನ್ನ ಕಾರಿನಲ್ಲಿ ನನ್ನ ಬ್ಯಾಗ್ ಇಡೋದು ಯಾವ ಅಪರಾಧ? ಎಚ್ಚರಿಕೆ ಬೇರೆ, ತಪ್ಪು ಬೇರೆ. ಎಚ್ಚರಿಕೆ ಹೇಳಿ, ಕೇಳ್ತೀನಿ. ಆದರೆ ಕಳಕೊಂಡವನನ್ನು ಮೊದಲು ವಿಚಾರಣೆ ಮಾಡುವ ಈ ಚಾಳಿಯೇ ಠಾಣೆಗೆ ಧೈರ್ಯ ಕೊಡೋದು. 'ಕಳೆದುಹೋಗಿದೆ' ಅನ್ನೋ ಮಾತಿನ ಅರ್ಥವೂ ಅದೇ ತಾನೆ? ಕಳಕೊಂಡವನು ನೀನು, ತಪ್ಪು ನಿನ್ನದು.

ಈಗ ನನಗಿಂತ ಮುಖ್ಯವಾದ ಒಬ್ಬರ ವಿಷಯ. ಆ ಸೋಮವಾರ ಠಾಣೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಕೂತಿದ್ದರು. ಮಂಡ್ಯ ಕಡೆಯವರು, ಐವತ್ತರ ಆಸುಪಾಸು. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಗಾಡಿಯ ಎರಡು ಚಕ್ರ, ಸ್ಟೆಪ್ನಿ, ಬ್ಯಾಟರಿ ಬಿಚ್ಚಿಕೊಂಡು ಹೋಗಿದ್ದಾರೆ. ಗಾಡಿ ಕಲ್ಲಿನ ಮೇಲೆ ನಿಂತಿದೆ. ತಿಂಗಳ ಕಂತು ನಿಂತಿಲ್ಲ. ಅವರಿಗೆ ಸಿಕ್ಕ ಉತ್ತರ ಇನ್ನೂ ಚಿಕ್ಕದು: "ಯಾರ್ ಮೇಲಾದ್ರೂ ಡೌಟ್ ಇದ್ಯಾ? ಇಲ್ವಾ? ಮತ್ತೆ ನಾವ್ ಯಾರನ್ ಹಿಡಿಯೋದು? ಹೋಗಪ್ಪ." ನನ್ನನ್ನು 'ಸಾರ್' ಅಂದಿದ್ದ ಅದೇ ಬಾಯಿ. ಅವರು ವಾದ ಮಾಡಲಿಲ್ಲ. ಎದ್ದು ಕೈಮುಗಿದು ಹೋದರು.

ಕಲಂ ನಂಬರ್ ಹೇಳೋಕೆ ಬರುವ, ರಿಜಿಸ್ಟರ್ಡ್ ಪೋಸ್ಟ್ ಹಾಕೋಕೆ ರಜೆ ಸಿಗುವ, ಕನ್ನಡದಲ್ಲೂ ಇಂಗ್ಲಿಷಲ್ಲೂ ಅರ್ಜಿ ಬರೆಯಬಲ್ಲ ನನಗೆ ಹನ್ನೊಂದು ದಿನ ಬೇಕಾಯ್ತು. ಅವರಿಗೆ ಎಷ್ಟು ದಿನ ಬೇಕು? ನನ್ನ ಲ್ಯಾಪ್‌ಟಾಪ್ ಆಫೀಸಿನದು, ಹೊಸದು ಕೊಟ್ಟರು. ಅವರ ಚಕ್ರಕ್ಕೆ ಯಾರು ಹೊಸದು ಕೊಡ್ತಾರೆ? ಊರ ಕಡೆ ನಾವು ಬೆಳೆದಿದ್ದೇ ಒಂದು ಪಾಠ ಕೇಳಿ: ಸ್ಟೇಷನ್‌ಗೆ ಹೋಗೋ ಮುಂಚೆ ಪರಿಚಯದವರು ಯಾರಿದ್ದಾರೆ ನೋಡು. ಅಡಿಕೆ ಕಳವಾದರೂ, ಪಂಪ್‌ಸೆಟ್ಟಿನ ಕೇಬಲ್ ಕಳವಾದರೂ ಮೊದಲು ಪಂಚಾಯ್ತಿ ಮೆಂಬರ್ ಮನೆಗೆ, ಆಮೇಲೆ ಠಾಣೆಗೆ. ಸಿಟಿಗೆ ಬಂದರೆ ಇದು ಇರಲ್ಲ, ಇಲ್ಲಿ ಸಿಸ್ಟಮ್ ಇದೆ ಅಂತ ನಮ್ಮ ತಲೆಮಾರು ನಂಬಿತು. ಇಲ್ಲೂ ನನಗೆ ನಾಲ್ಕು ಜನ ಹೇಳಿದ್ದು ಅದೇ: "ಯಾರಾದ್ರೂ ಗೊತ್ತಿದ್ರೆ ಒಂದ್ ಫೋನ್ ಮಾಡ್ಸು." ನಾನು ಮಾಡಿಸಲಿಲ್ಲ. ಫೋನ್ ಮಾಡಿಸುವವರ ದೂರಷ್ಟೇ ದಾಖಲಾಗುವ ಊರಿನಲ್ಲಿ ಮಾಡಿಸಲಾಗದವನ ದೂರು ಇನ್ನೊಂದು ಮೆಟ್ಟಿಲು ಕೆಳಗೆ ಹೋಗುತ್ತೆ.

ಹಾಗಾದರೆ ಏನು ಮಾಡಬೇಕು? ಇಲಾಖೆಗೆ ಮೂರು ಮಾತು.

ಠಾಣೆಯನ್ನು ಅಳೆಯೋದು ದಾಖಲಾದ ಕೇಸಿನ ಸಂಖ್ಯೆಯಿಂದ ಬೇಡ. ದೂರು ಬಂದ ಎಷ್ಟು ಗಂಟೆಗೆ ಎಫ್‌ಐಆರ್ ಆಯ್ತು, ಎಷ್ಟು ಗಂಟೆಗೆ ಸ್ಥಳಕ್ಕೆ ಹೋದರು ಅನ್ನೋದರಿಂದ ಅಳೆಯಿರಿ. 112ರ ಕರೆಯಲ್ಲಿ ಸಮಯ ಇದೆ, ಎಫ್‌ಐಆರಿನಲ್ಲೂ ಸಮಯ ಇದೆ. ಎರಡನ್ನೂ ಕಳೆಯಲು ರಾಕೆಟ್ ವಿಜ್ಞಾನಿ ಬೇಡ.

ಎಷ್ಟು ಕಳ್ಳತನ ನಡೀತಿದೆ ಅಂತ ಠಾಣೆಯನ್ನೇ ಕೇಳಬೇಡಿ, ಜನರನ್ನು ಕೇಳಿ. ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ 'ಕಳೆದ ವರ್ಷ ನಿಮಗೇನಾಯ್ತು, ಪೊಲೀಸರಿಗೆ ಹೇಳಿದ್ರಾ' ಅಂತ ಕೇಳುವ ಸಮೀಕ್ಷೆ ಇದೆ. ಪೊಲೀಸ್ ಲೆಕ್ಕ ಒಂದು ಕಡೆ, ಜನರ ಲೆಕ್ಕ ಇನ್ನೊಂದು ಕಡೆ. ಎರಡರ ನಡುವಿನ ಅಂತರವೇ ಸತ್ಯ. ಆ ಅಂತರ ಕಂಡರೆ ದೂರು ಮುಚ್ಚಿಡುವುದರಲ್ಲಿ ಯಾರಿಗೂ ಲಾಭ ಇರಲ್ಲ.

ಮೂರನೆಯದು, ಇರುವ ಕಾನೂನು ಪಾಲಿಸಿ. ಸುರಕ್ಷಾ ಸಂಹಿತೆಯ 193ನೇ ಕಲಂ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರನಿಗೆ ತಿಳಿಸಬೇಕು ಅನ್ನುತ್ತೆ. ನನ್ನ 90 ದಿನ ಯಾವಾಗಲೋ ಮುಗಿಯಿತು, ಒಂದು ಮೆಸೇಜಿಲ್ಲ. ಪತ್ತೆಯಾಗಲಿಲ್ಲ ಅಂದರೆ 'ಸಿ' ರಿಪೋರ್ಟ್ ಹಾಕಿ, ನನಗೆ ಹೇಳಿ. ಕಳ್ಳ ಸಿಗಲಿಲ್ಲ ಅನ್ನೋದು ಅವಮಾನ ಅಲ್ಲ. ಕಳ್ಳನೇ ಇರಲಿಲ್ಲ ಅನ್ನೋದು ಅವಮಾನ.

ನಿಮಗೂ ನಾಲ್ಕು ಮಾತು, ಯಾಕೆಂದರೆ ನಾಳೆ ನಿಮ್ಮ ಗಾಜು. ಮೊದಲು 112ಕ್ಕೆ ಕರೆ ಮಾಡಿ, ಕರೆಯ ಸಮಯ ದಾಖಲೆಯಾಗುತ್ತೆ. ಗಾಡಿ ಅಲುಗಿಸುವ ಮುಂಚೆ ಫೋಟೊ ತೆಗೆಯಿರಿ, ಹಿಂದೆ ಅಂಗಡಿಗಳ ಬೋರ್ಡ್ ಕಾಣಬೇಕು. ಅಕ್ಕಪಕ್ಕದ ಅಂಗಡಿಯವರನ್ನು 'ಈ ಸಮಯದ ವಿಡಿಯೊ ಪೆನ್‌ಡ್ರೈವಲ್ಲಿ ತೆಗೆದಿಟ್ಟಿರಿ, ಪೊಲೀಸರಿಗೇ ಕೊಡಿ' ಅಂತ ಕೇಳಿಕೊಳ್ಳಿ. ದೂರು ಎರಡು ಪ್ರತಿ ಬರೆದು, ಒಂದಕ್ಕೆ ಸೀಲು ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಎಂಟು ದಿನ ಕಾಯಬೇಡಿ, ಮಾರನೇ ದಿನವೇ ಡಿಸಿಪಿಗೆ ಪೋಸ್ಟ್ ಮಾಡಿ. ಕಾರೇ ಕಳವಾದರೆ ಇದು ಇನ್ನೂ ಮುಖ್ಯ. ಎಫ್‌ಐಆರ್ ಮತ್ತು ಪತ್ತೆಯಾಗಿಲ್ಲ ಅನ್ನೋ ವರದಿ ಇಲ್ಲದೆ ಇನ್ಶೂರೆನ್ಸ್ ಕ್ಲೇಮ್ ಮುಂದೆ ಹೋಗಲ್ಲ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸೋದು ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸೋ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನಿಮ್ಮನ್ನು ಕಾಯೋದು ಆ ಒಂದು ಕಾಗದ.

'ಇಷ್ಟೆಲ್ಲ ಅಲೆಯೋ ಬದಲು ಹೊಸ ಲ್ಯಾಪ್‌ಟಾಪ್ ತಗೋಬಹುದು, ಟೈಮೇ ದುಡ್ಡು' ಅಂತ ನಮ್ಮ ಪೈಕಿ ಬಹಳ ಜನ ಅಂದುಕೊಳ್ತಾರೆ. ನಮ್ಮ ಸಂಬಳಕ್ಕೆ ಆ ಲೆಕ್ಕ ಸರಿ ಇರಬಹುದು. ಆದರೆ ನಾವು ಇ-ಲಾಸ್ಟ್ ಹಾಕಿ ಎದ್ದುಬಂದ ಪ್ರತಿ ಸಲ ಆ ಬೆಂಚಿನ ಮೇಲೆ ಕೂತವರಿಗೆ ಠಾಣೆಯ ಬಾಗಿಲು ಇನ್ನಷ್ಟು ಕಿರಿದಾಗುತ್ತೆ. ಅವರಿಗೆ ಹೊಸ ಚಕ್ರ ಕೊಳ್ಳುವ ದುಡ್ಡಿಲ್ಲ, ಅಲೆಯುವ ಪುರುಸೊತ್ತೂ ಇಲ್ಲ. ಅಲೆಯಬಲ್ಲವರು ನಾವು.

ಹಾಗಾಗಿ ರೈಟರ್ ಆ್ಯಪ್ ತೋರಿಸಿದರೆ ಜಗಳ ಬೇಡ, ಕೂಗಾಟ ಬೇಡ, ಮೊಬೈಲಲ್ಲಿ ವಿಡಿಯೊ ಮಾಡೋ ಹೀರೋಗಿರಿಯೂ ಬೇಡ. ಮರ್ಯಾದೆಯಿಂದ, ಆದರೆ ಎದ್ದುಹೋಗದೆ, ಒಂದು ಮಾತು ಹೇಳಿ: "ಕಳೆದುಹೋಗಿಲ್ಲ ಸಾರ್, ಕಳವಾಗಿದೆ. ಹಾಗೇ ಬರ್ಕೊಳ್ಳಿ."